ಪ್ರಧಾನಿಯ ಪಕ್ಕದಲ್ಲಿ ಕೂರುವ ರಾಷ್ಟ್ರೀಯ ಭದ್ರತಾ ಸಲಹೆಗಾರರು ಯಾರಿಗೆ ಉತ್ತರ ಕೊಡಬೇಕು?

ತುಂಗಾತೀರದವ

ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಗುಂಡಿಗೆ ಬಲಿಯಾದ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಅಲ್ಲಿಂದೀಚೆಗೆ ಊರಲ್ಲಿ ನಾಲ್ಕು ಜನ ಕೂತು ದೇಶದ ಭದ್ರತೆ ಮಾತಾಡಿದರೆ ಸಾಕು, ಭದ್ರತಾ ಸಲಹೆಗಾರ ಅಜಿತ್ ದೋವಲ್ ಹೆಸರು ಬಂದೇ ಬರುತ್ತದೆ. ಒಬ್ಬರು ‘ಅವರಿರುವಾಗ ಚಿಂತೆ ಯಾಕೆ’ ಅಂತಾರೆ, ಇನ್ನೊಬ್ಬರು ‘ಅವರಿದ್ದೂ ಹೀಗಾಯ್ತಲ್ಲ’ ಅಂತಾರೆ. ಎರಡೂ ಕಡೆಯವರು ಇಡೀ ಭಾರವನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟಿಬಿಡುತ್ತಾರೆ.

ನನಗೆ ತಿಳಿಯಬೇಕಿರುವುದು ಹುದ್ದೆಯ ಬಗ್ಗೆ. ಗೃಹ ಸಚಿವರಿದ್ದಾರೆ, ರಕ್ಷಣಾ ಸಚಿವರಿದ್ದಾರೆ, ವಿದೇಶಾಂಗ ಸಚಿವರಿದ್ದಾರೆ. ಈ ಮೂವರೂ ಇರುವಾಗ ನಾಲ್ಕನೆಯವರ ಕೆಲಸವೇನು? ಅವರು ಆದೇಶ ಕೊಡುತ್ತಾರಾ, ಸಲಹೆ ಮಾತ್ರ ಕೊಡುತ್ತಾರಾ? ತಪ್ಪಾದರೆ ಕೇಳುವವರು ಯಾರು? ದಯವಿಟ್ಟು ಪಕ್ಷದ ಜಗಳ ತರಬೇಡಿ.


ದೆಹಲಿ ಕನ್ನಡಿಗ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆಯ್ತು. ಅಣ್ವಸ್ತ್ರ ಇಟ್ಟುಕೊಂಡ ದೇಶಕ್ಕೆ ಹಳೆಯ ಕಡತ ವ್ಯವಸ್ಥೆ ಸಾಲದು ಅನ್ನುವುದು ಇನ್ನೂ ಸ್ಪಷ್ಟವಾಯ್ತು. ಅದಕ್ಕೆ ತುಸು ಮೊದಲೇ, ಏಪ್ರಿಲ್ ತಿಂಗಳಲ್ಲಿ, ವಾಜಪೇಯಿ ಸರ್ಕಾರ ಕೆ.ಸಿ. ಪಂತ್ ನೇತೃತ್ವದಲ್ಲಿ ಕಾರ್ಯಪಡೆ ಮಾಡಿತ್ತು. ಅದರ ಶಿಫಾರಸಿನ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿಯೂ ಸಲಹೆಗಾರರ ಹುದ್ದೆಯೂ ಹುಟ್ಟಿದವು. 1990ರಲ್ಲಿ ವಿ.ಪಿ. ಸಿಂಗ್ ಇಂಥದ್ದೊಂದು ಮಂಡಳಿ ಮಾಡಿದ್ದರು, ಅದು ಕಾಗದದಲ್ಲೇ ಉಳಿಯಿತು.

ಮಂಡಳಿಯಲ್ಲಿ ಪ್ರಧಾನಿ, ಗೃಹ, ರಕ್ಷಣಾ, ವಿದೇಶಾಂಗ, ಹಣಕಾಸು ಸಚಿವರು. ಸಲಹೆಗಾರರು ಅದರ ಕಾರ್ಯದರ್ಶಿ. ಕೆಳಗೆ ಮೂರು ಅಂಗ: ಇಲಾಖಾ ಕಾರ್ಯದರ್ಶಿಗಳು ಮತ್ತು ಸೇನಾ ಮುಖ್ಯಸ್ಥರು ಕೂರುವ ಕಾರ್ಯತಂತ್ರ ನೀತಿ ಗುಂಪು, ಹೊರಗಿನ ತಜ್ಞರ ಸಲಹಾ ಮಂಡಳಿ, ಮತ್ತೆ ಮಂಡಳಿಯ ಸಚಿವಾಲಯ.

ಇಷ್ಟೆಲ್ಲ ಇದ್ದರೂ ನಿರ್ಧಾರ ಆಗುವುದು ಬೇರೆ ಮೇಜಿನಲ್ಲಿ. ಅದು ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ. ಪಹಲ್ಗಾಮ್ ಆದ ಮರುದಿನ, ಏಪ್ರಿಲ್ 23ರಂದು, ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿದದ್ದು ಈ ಸಮಿತಿ. ಸಲಹೆಗಾರರು ಆ ಕೋಣೆಯಲ್ಲಿ ಇರುತ್ತಾರೆ, ಆದರೆ ಸಮಿತಿಯ ಸದಸ್ಯರಲ್ಲ. ಕಾಗದದ ಪ್ರಕಾರ ಅವರು ಸಲಹೆಗಾರರೇ.

ಕಾಗದದಾಚೆಗೆ ನೋಡಿದರೆ ಚಿತ್ರ ಬೇರೆ. ಗುಪ್ತಚರ ಸಂಸ್ಥೆಗಳಾದ ಐಬಿ, ರಾ ಮುಖ್ಯಸ್ಥರು ದಿನನಿತ್ಯ ಮಾತಾಡುವುದು ಇವರ ಜತೆ. ಪ್ರಧಾನಿಯ ಕಿವಿಗೆ ಯಾವ ಸುದ್ದಿ ಮೊದಲು ಬೀಳಬೇಕು, ಯಾವ ಸುದ್ದಿ ಕಾಯಬಹುದು ಅನ್ನುವುದು ಇವರ ಕೈಯಲ್ಲಿ. ದೆಹಲಿಯಲ್ಲಿ ಇದಕ್ಕಿಂತ ದೊಡ್ಡ ಅಧಿಕಾರ ಇಲ್ಲ.


ಕೊಡಗಿನ ಮಾಜಿ ಯೋಧ

ಮೇಲೆ ಬರೆದವರು ಸುದ್ದಿ ಯಾರ ಕಿವಿಗೆ ಬೀಳಬೇಕು ಅಂದರಲ್ಲ, ಅದೇ ಈ ಹುದ್ದೆಯ ಜೀವಾಳ. ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಓದಿದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ.

1998ರ ಜೂನ್ 2ರಂದು ಐಬಿ ನಿರ್ದೇಶಕರು ಗಡಿಯಾಚೆ, ಕಾರ್ಗಿಲ್‌ಗೆ ಎದುರಾದ ಪ್ರದೇಶದಲ್ಲಿ ಕಂಡ ಚಟುವಟಿಕೆ ಬಗ್ಗೆ ಸ್ವತಃ ಸಹಿ ಮಾಡಿ ಪತ್ರ ಕಳಿಸಿದರು. ಪ್ರಧಾನಿಗೆ ಹೋಯಿತು, ಗೃಹ ಸಚಿವರಿಗೆ ಹೋಯಿತು, ಸಂಪುಟ ಕಾರ್ಯದರ್ಶಿಗೆ, ಗೃಹ ಕಾರ್ಯದರ್ಶಿಗೆ, ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಗೆ ಹೋಯಿತು. ಯಾರಿಗೆ ಹೋಗಲೇಬೇಕಿತ್ತೋ ಆ ಮೂವರಿಗೆ ಹೋಗಲಿಲ್ಲ. ಹೊರದೇಶದ ಬೇಹುಗಾರಿಕೆ ಮಾಡುವ ರಾ ಮುಖ್ಯಸ್ಥರಿಗಿಲ್ಲ. ಎಲ್ಲ ಮಾಹಿತಿಯನ್ನೂ ತೂಗಿ ನೋಡಬೇಕಾದ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಿಗಿಲ್ಲ. ಸೇನಾ ಗುಪ್ತಚರ ಮಹಾನಿರ್ದೇಶಕರಿಗಿಲ್ಲ. ಇದಾಗಿ ಒಂದು ವರ್ಷ ತುಂಬುವುದರೊಳಗೆ ನಮ್ಮ ಹುಡುಗರು ಬಂಡೆ ಹಿಡಿದು ಮೇಲೆ ಹತ್ತುತ್ತಿದ್ದರು.

ಆ ಪತ್ರ ಆ ಮೂವರಿಗೆ ಹೋಗಿದ್ದರೆ ಯುದ್ಧ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ‘ಇದು ಇಂಥವರಿಗೂ ಹೋಗಲಿ’ ಅನ್ನುವುದಕ್ಕೇ ಒಬ್ಬರು ಬೇಕು. ಭದ್ರತಾ ಸಲಹೆಗಾರರು ಅಂದರೆ ನನ್ನ ಪ್ರಕಾರ ಅವರು. ಟಿವಿಯವರು ತೋರಿಸುವ ಸಾಹಸಿಯ ಚಿತ್ರಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು. ಇದುವರೆಗಿನ ಸಲಹೆಗಾರರು: ಬ್ರಜೇಶ್ ಮಿಶ್ರಾ, ಜೆ.ಎನ್. ದೀಕ್ಷಿತ್, ಎಂ.ಕೆ. ನಾರಾಯಣನ್, ಶಿವಶಂಕರ್ ಮೆನನ್, ದೋವಲ್. ಐವರಲ್ಲಿ ಮೂವರು ವಿದೇಶಾಂಗ ಸೇವೆಯವರು, ಇಬ್ಬರು ಪೊಲೀಸ್ ಸೇವೆಯಿಂದ ಬಂದು ಐಬಿ ನಡೆಸಿದವರು. ಸಮವಸ್ತ್ರ ತೊಟ್ಟ ಸೈನಿಕ ಒಬ್ಬರೂ ಇಲ್ಲ. ನಮ್ಮ ಜನರಲ್ ತಿಮ್ಮಯ್ಯನವರು 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಹೊಂದಾಣಿಕೆಯಾಗದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ಸೈನಿಕನ ಮಾತು ಪ್ರಧಾನಿಗೆ ಮುಟ್ಟುವ ದಾರಿ ಸಚಿವರೊಬ್ಬರ ಸ್ವಭಾವದ ಮೇಲೆ ನಿಂತಿರಬಾರದು. 1962 ಬಂದಾಗ ಅದರ ಬೆಲೆ ತೆತ್ತೆವು.


ದೆಹಲಿ ಕನ್ನಡಿಗ

ಸೈನಿಕರ ದನಿಗೆ ಈಗ ಸ್ವಲ್ಪ ಜಾಗ ಆಗಿದೆ ಸರ್. ಸಚಿವಾಲಯದಲ್ಲಿ ಸೇನಾ ಸಲಹೆಗಾರರ ಹುದ್ದೆ ಇದೆ. ಜನರಲ್ ಅನಿಲ್ ಚೌಹಾಣ್ 2022ರಲ್ಲಿ ಸಿಡಿಎಸ್, ಅಂದರೆ ಮೂರೂ ಸೇನೆಗಳ ಮುಖ್ಯಸ್ಥ, ಆಗುವ ಮೊದಲು ಅಲ್ಲೇ ಇದ್ದರು. ಆದರೆ ನಿಮ್ಮ ಆಕ್ಷೇಪ ಪೂರ್ತಿ ತೀರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಬಂದ ರಕ್ಷಣಾ ಯೋಜನಾ ಸಮಿತಿಗೂ ಅಧ್ಯಕ್ಷರು ಭದ್ರತಾ ಸಲಹೆಗಾರರೇ, ಸೇನಾ ಮುಖ್ಯಸ್ಥರು ಅದರ ಸದಸ್ಯರು. ಅದೇ ವರ್ಷ ಕಾರ್ಯತಂತ್ರ ನೀತಿ ಗುಂಪಿನ ಅಧ್ಯಕ್ಷತೆಯೂ ಸಂಪುಟ ಕಾರ್ಯದರ್ಶಿಯಿಂದ ಸಲಹೆಗಾರರಿಗೆ ಬಂತು. ಅಂದರೆ ಒಂದೇ ವರ್ಷದಲ್ಲಿ ಹುದ್ದೆಯ ತೂಕ ದುಪ್ಪಟ್ಟಾಯ್ತು, ಆ ಬಗ್ಗೆ ಹೊರಗೆ ಚರ್ಚೆಯೇ ನಡೆಯಲಿಲ್ಲ.


ಹಾಸನದ ಮೇಷ್ಟ್ರು

ಈ ಹುದ್ದೆ ಇಲ್ಲದಿದ್ದರೆ ದೇಶ ನಡೆಯುವುದೇ ಇಲ್ಲ ಅನ್ನುವಂತೆ ಮಾತಾಡಬಾರದು. ನಮ್ಮ ಜಿಲ್ಲೆಯ ದೇವೇಗೌಡರು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ಪ್ರಧಾನಿ. ಅವರಿಗೆ ಭದ್ರತಾ ಸಲಹೆಗಾರರು ಅಂತ ಯಾರೂ ಇರಲಿಲ್ಲ. ಅಧಿಕಾರಕ್ಕೆ ಬಂದು ತಿಂಗಳೂ ತುಂಬಿರಲಿಲ್ಲ, ಜಿನೀವಾದಲ್ಲಿ ಅಣುಪರೀಕ್ಷೆ ನಿಷೇಧಿಸುವ ಸಿಟಿಬಿಟಿ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಭಾರತ ಖಡಾಖಂಡಿತವಾಗಿ ಹೇಳಿತು. ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಜತೆ 30 ವರ್ಷದ ಗಂಗಾ ನೀರಿನ ಒಪ್ಪಂದ ಆಯ್ತು.

ಇವೆರಡಕ್ಕಿಂತ ದೊಡ್ಡದು ನವೆಂಬರ್ 29ರದ್ದು. ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಾಗ ಗಡಿಯಲ್ಲಿ ಸೇನೆಗಳು ಹೇಗೆ ನಡೆದುಕೊಳ್ಳಬೇಕು ಅನ್ನುವ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಆರನೇ ವಿಧಿ: ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸಬಾರದು, ಸ್ಫೋಟ ನಡೆಸಬಾರದು, ಬಂದೂಕು ಹಿಡಿದು ಬೇಟೆಯನ್ನೂ ಆಡಬಾರದು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತಾಗ, ಕೈಯಲ್ಲಿ ಶಸ್ತ್ರ ಇದ್ದೂ ಯಾಕೆ ಹಾರಿಸಲಿಲ್ಲ ಅಂತ ದೇಶ ಕೇಳಿತಲ್ಲ, ವಿದೇಶಾಂಗ ಸಚಿವ ಜೈಶಂಕರ್ ಬೊಟ್ಟು ಮಾಡಿ ತೋರಿಸಿದ್ದು 1996ರ ಮತ್ತು 2005ರ ಒಪ್ಪಂದಗಳನ್ನೇ.

ಆ ಒಪ್ಪಂದ ಸರಿಯೋ ತಪ್ಪೋ ಬೇರೆ ಮಾತು. ಸಚಿವರು, ವಿದೇಶಾಂಗ ಕಾರ್ಯದರ್ಶಿ, ಸೇನೆ ಕೂತು ಕಾಲು ಶತಮಾನ ಬಾಳುವ ಕೆಲಸ ಮಾಡಿದರು. ಸಂಸತ್ತಿನಲ್ಲಿ ಕೇಳಿದರೆ ಉತ್ತರ ಹೇಳಲು ಸಚಿವರಿದ್ದರು. ಈಗ ಅದೇ ಚೀನಾ ಗಡಿಯ ಮಾತುಕತೆ ಯಾರ ಕೈಯಲ್ಲಿದೆ?


ದೆಹಲಿ ಕನ್ನಡಿಗ

ಸಲಹೆಗಾರರ ಕೈಯಲ್ಲೇ, ಅದೂ ದೋವಲ್ ಕಾಲದಿಂದ ಶುರುವಾದದ್ದಲ್ಲ. 2003ರ ಜೂನ್‌ನಲ್ಲಿ ವಾಜಪೇಯಿ ಬೀಜಿಂಗ್‌ಗೆ ಹೋದಾಗ ಎರಡೂ ದೇಶ ವಿಶೇಷ ಪ್ರತಿನಿಧಿಗಳನ್ನು ನೇಮಿಸಲು ಒಪ್ಪಿದವು. ನಮ್ಮ ಕಡೆಯಿಂದ ಬ್ರಜೇಶ್ ಮಿಶ್ರಾ, ಅವರ ಕಡೆಯಿಂದ ದಾಯ್ ಬಿಂಗ್‌ಗುವೊ. ಅಧಿಕಾರಿಗಳ ಮಟ್ಟದಲ್ಲಿ ನಕ್ಷೆ ಹಿಡಿದು ವರ್ಷಗಟ್ಟಲೆ ಜಗಳಾಡಿ ಏನೂ ಹುಟ್ಟಿರಲಿಲ್ಲ. ಪ್ರಧಾನಿಯ ಮನಸ್ಸು ಬಲ್ಲವರೇ ಕೂತರೆ ರಾಜಕೀಯ ಇತ್ಯರ್ಥಕ್ಕೆ ದಾರಿ ಸಿಗಬಹುದು ಅನ್ನುವ ಲೆಕ್ಕ. 2005ರಲ್ಲಿ ಗಡಿ ಇತ್ಯರ್ಥದ ರಾಜಕೀಯ ಸೂತ್ರಗಳ ಒಪ್ಪಂದ ಆದದ್ದು ಈ ದಾರಿಯಲ್ಲೇ. 2019ರ ಡಿಸೆಂಬರ್ ಆದ ಮೇಲೆ ಐದು ವರ್ಷ ನಿಂತಿದ್ದ ಮಾತುಕತೆಯನ್ನು 2024ರ ಡಿಸೆಂಬರ್ 18ರಂದು ದೋವಲ್ ಮತ್ತು ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಬೀಜಿಂಗ್‌ನಲ್ಲಿ ಮತ್ತೆ ಶುರು ಮಾಡಿದರು. 2025ರ ಆಗಸ್ಟ್‌ನಲ್ಲಿ ವಾಂಗ್ ಯಿ ದೆಹಲಿಗೆ ಬಂದು 24ನೇ ಸುತ್ತು ನಡೆಯಿತು.

ಮೇಷ್ಟ್ರೇ, ನೀವು ಹೇಳಿದ 1996ರ ಕೆಲಸದ ಬಗ್ಗೆ ನನಗೂ ಗೌರವವಿದೆ. ಆದರೆ ಆಗ ನಾವು ಘೋಷಿತ ಅಣ್ವಸ್ತ್ರ ದೇಶ ಆಗಿರಲಿಲ್ಲ. 2003ರ ಜನವರಿ 4ರಂದು ಪ್ರಕಟವಾದ ವ್ಯವಸ್ಥೆಯಲ್ಲಿ ಅಣ್ವಸ್ತ್ರ ಬಳಕೆಗೆ ಅಪ್ಪಣೆ ಕೊಡಬಲ್ಲದ್ದು ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ. ಅದಕ್ಕೆ ಬೇಕಾದ ಮಾಹಿತಿ ಕೊಟ್ಟು, ಅಪ್ಪಣೆ ಬಂದರೆ ಜಾರಿಗೊಳಿಸುವುದು ಕಾರ್ಯಕಾರಿ ಮಂಡಳಿ. ಅದರ ಅಧ್ಯಕ್ಷರು ಭದ್ರತಾ ಸಲಹೆಗಾರರು. ಹುದ್ದೆ ಬೇಡ ಅನ್ನುವ ಕಾಲ ಮುಗಿದಿದೆ.


ಧಾರವಾಡದ ಕಾನೂನು ವಿದ್ಯಾರ್ಥಿನಿ

ಹುದ್ದೆ ಬೇಕು, ಒಪ್ಪೋಣ. ಆದರೆ ತುಂಗಾತೀರದವರು ಕೇಳಿದ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಹೇಳಿಲ್ಲ.

ಸಂವಿಧಾನದ 75(3)ನೇ ವಿಧಿ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಸಲಹೆಗಾರರು ಮಂತ್ರಿಯಲ್ಲ. 2019ರಲ್ಲಿ ದೋವಲ್ ಅವರಿಗೆ ಸಂಪುಟ ದರ್ಜೆ ಕೊಟ್ಟರು, ಅದರಿಂದ ಮಂತ್ರಿ ಆಗುವುದಿಲ್ಲ. ಅದು ಶಿಷ್ಟಾಚಾರದ ಸ್ಥಾನಮಾನ ಅಷ್ಟೆ. ಅವರು ಗೋಪ್ಯತೆಯ ಪ್ರಮಾಣ ಸ್ವೀಕರಿಸಿ ಸಂಪುಟ ಸೇರಿದವರಲ್ಲ, ಆರು ತಿಂಗಳಲ್ಲಿ ಸಂಸತ್ತಿಗೆ ಆರಿಸಿ ಬರಬೇಕೆಂಬ ಷರತ್ತೂ ಅವರಿಗಿಲ್ಲ.

2025ರ ಜುಲೈ 28, 29ರಂದು ಲೋಕಸಭೆಯಲ್ಲಿ ಆಪರೇಷನ್ ಸಿಂಧೂರದ ಚರ್ಚೆ ನೆನಪು ಮಾಡಿಕೊಳ್ಳಿ. ರಾಜನಾಥ್ ಸಿಂಗ್ ಮಾತಾಡಿದರು, ಜೈಶಂಕರ್ ಮಾತಾಡಿದರು, ಅಮಿತ್ ಶಾ ಮಾತಾಡಿದರು, ಪ್ರಧಾನಿ ಉತ್ತರ ಕೊಟ್ಟರು. ಕಾರ್ಯಾಚರಣೆ ನಡೆದ ದಿನಗಳಲ್ಲಿ ಅಮೆರಿಕ, ಬ್ರಿಟನ್, ಸೌದಿ, ಜಪಾನ್ ಕಡೆಯವರಿಗೆಲ್ಲ ಭಾರತದ ನಿಲುವು ವಿವರಿಸಿದವರು ಮಾತ್ರ ಸದನದಲ್ಲಿ ಬಾಯಿ ತೆರೆಯುವಂತಿಲ್ಲ. ಅವರಿಗೆ ಮನಸ್ಸಿದೆಯೋ ಇಲ್ಲವೋ ಬೇರೆ ಮಾತು, ಹಕ್ಕೇ ಇಲ್ಲ.

ಹಾಗಂತ ಸದಸ್ಯರಲ್ಲದವರು ಸದನದಲ್ಲಿ ಮಾತಾಡುವುದು ಹೊಸದೇನಲ್ಲ. 88ನೇ ವಿಧಿ ಅಟಾರ್ನಿ ಜನರಲ್‌ಗೆ ಎರಡೂ ಸದನಗಳಲ್ಲಿ ಮಾತಾಡುವ ಹಕ್ಕು ಕೊಟ್ಟಿದೆ, ಮತ ಹಾಕುವ ಹಕ್ಕಿಲ್ಲ. ಸರ್ಕಾರದ ವಕೀಲರಿಗೆ ಕೊಟ್ಟ ಜಾಗ ಸರ್ಕಾರದ ಭದ್ರತೆ ನೋಡುವವರಿಗೆ ಯಾಕಿರಬಾರದು?

ಇದು ಸಲಹೆಗಾರರೊಬ್ಬರ ಕತೆಯೂ ಅಲ್ಲ. ರಾ, ಐಬಿ ಎರಡಕ್ಕೂ ಸಂಸತ್ತು ಮಾಡಿದ ಕಾನೂನಿನ ಆಧಾರ ಇಲ್ಲ. 2011ರಲ್ಲಿ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ಅಂದರೆ ಕಾನೂನಿಲ್ಲದ ಸಂಸ್ಥೆಗಳ ಮೇಲೆ ಕಾನೂನಿಲ್ಲದ ಹುದ್ದೆ.


ನ್ಯೂಜೆರ್ಸಿ ಕನ್ನಡತಿ

ಅಮೆರಿಕದಲ್ಲೂ ಇದೇ ತೊಡಕಿದೆ, ಅದರಿಂದ ಅವರು ಎರಡು ಸಲ ಪೆಟ್ಟು ತಿಂದಿದ್ದಾರೆ.

1947ರ ಕಾನೂನು ಭದ್ರತಾ ಮಂಡಳಿಯನ್ನು ಮಾಡಿತು. ಸಲಹೆಗಾರರ ಹುದ್ದೆ ಬಂದದ್ದು ಐಸೆನ್‌ಹೋವರ್ 1953ರಲ್ಲಿ ರಾಬರ್ಟ್ ಕಟ್ಲರ್ ಅವರನ್ನು ಕರೆದಾಗ. ವಿದೇಶಾಂಗ ಕಾರ್ಯದರ್ಶಿಗೆ ಸೆನೆಟ್ ಒಪ್ಪಿಗೆ ಬೇಕು, ಸಲಹೆಗಾರರಿಗೆ ಬೇಡ. ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಈ ಸಂದಿನಲ್ಲೇ ಬೆಳೆದದ್ದು. 1971ರ ಜುಲೈನಲ್ಲಿ ದೆಹಲಿಗೆ ಬಂದು ನಮ್ಮವರ ಜತೆ ಮಾತಾಡಿ, ಅಲ್ಲಿಂದ ಪಾಕಿಸ್ತಾನಕ್ಕೆ ಹೋಗಿ, ಹೊಟ್ಟೆನೋವು ಅಂತ ಸುದ್ದಿ ಹಬ್ಬಿಸಿ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಬಾಂಗ್ಲಾ ನಿರಾಶ್ರಿತರು ಲಕ್ಷಗಟ್ಟಲೆ ನಮ್ಮ ಗಡಿ ದಾಟಿ ಬರುತ್ತಿದ್ದ ಹೊತ್ತು ಅದು. ಚೀನಾಕ್ಕೆ ದಾರಿ ಮಾಡಿಕೊಟ್ಟ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೇಲೆ ಒತ್ತಡ ಹಾಕಲು ವಾಷಿಂಗ್ಟನ್‌ಗೆ ಮನಸ್ಸಿರಲಿಲ್ಲ. ಢಾಕಾದಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿಗಳೇ ಪ್ರತಿಭಟಿಸಿ ತಂತಿ ಕಳಿಸಿದರೂ ಅದು ಮೇಲಿನವರ ಮನಸ್ಸಿಗೆ ನಾಟಲಿಲ್ಲ. ಸಲಹೆಗಾರನೇ ನೀತಿ ನಡೆಸುವವನಾದರೆ ಭಿನ್ನ ದನಿಗಳು ಹೀಗೇ ಸಾಯುತ್ತವೆ.

ಎರಡನೆಯದು ಇರಾನ್-ಕಾಂಟ್ರಾ. ರೇಗನ್ ಅವರ ಸಲಹೆಗಾರ ಪಾಯಿಂಡೆಕ್ಸ್‌ಟರ್, ಇರಾನ್‌ಗೆ ಆಯುಧ ಮಾರಿದ ಹಣ ನಿಕರಾಗುವಾದ ಬಂಡುಕೋರರಿಗೆ ಹೋಗುತ್ತಿದ್ದ ಸಂಗತಿಯನ್ನು ಅಧ್ಯಕ್ಷರಿಗೆ ಬೇಕೆಂದೇ ತಿಳಿಸಲಿಲ್ಲ ಎಂದು ಸಂಸತ್ತಿನ ಮುಂದೆ ಹೇಳಿದರು. ಅಧ್ಯಕ್ಷರನ್ನು ಹೊಣೆಯಿಂದ ಉಳಿಸಲು ಅಂತೆ! ಅದರ ತನಿಖೆ ಮಾಡಿದ ಟವರ್ ಸಮಿತಿಯಲ್ಲಿ ಬ್ರೆಂಟ್ ಸ್ಕೋಕ್ರಾಫ್ಟ್ ಇದ್ದರು. 1989ರಲ್ಲಿ ಅವರೇ ಎರಡನೇ ಸಲ ಸಲಹೆಗಾರರಾದರು. ಎಲ್ಲ ಇಲಾಖೆಯವರ ವಾದವನ್ನೂ ಮುಕ್ಕಾಗದಂತೆ ಅಧ್ಯಕ್ಷರ ಮುಂದಿಟ್ಟು, ತಮ್ಮ ಅಭಿಪ್ರಾಯವನ್ನು ಕೊನೆಗೆ, ಬೇರೆಯಾಗಿ ಹೇಳುವ ಅವರ ರೀತಿಯನ್ನು ಇವತ್ತಿಗೂ ಇಲ್ಲಿ ಮಾದರಿ ಅಂತ ಕಲಿಸುತ್ತಾರೆ. 2025ರ ಮೇ ತಿಂಗಳಲ್ಲಿ ಮಾರ್ಕೊ ರುಬಿಯೊ ವಿದೇಶಾಂಗ ಕಾರ್ಯದರ್ಶಿಯಾಗಿದ್ದುಕೊಂಡೇ ಸಲಹೆಗಾರರ ಹೊಣೆಯನ್ನೂ ಹೊತ್ತಾಗ ಹಿಂದೆ ಹೀಗೇ ಎರಡೂ ಹುದ್ದೆ ಒಟ್ಟಿಗೆ ಹೊತ್ತಿದ್ದ ಕಿಸಿಂಜರ್ ನೆನಪು ಎಲ್ಲರಿಗೂ ಬಂತು.


ಕೊಡಗಿನ ಮಾಜಿ ಯೋಧ

ಒಬ್ಬರೇ ಎರಡು ಹೊಣೆ ಹೊರುವುದು ನಮ್ಮಲ್ಲೂ ಆಗಿತ್ತು. ಬ್ರಜೇಶ್ ಮಿಶ್ರಾ ವಾಜಪೇಯಿಯವರ ಪ್ರಧಾನ ಕಾರ್ಯದರ್ಶಿಯೂ ಹೌದು, ಭದ್ರತಾ ಸಲಹೆಗಾರರೂ ಹೌದು. ಸಮರ್ಥರು, ಅದರಲ್ಲಿ ಸಂಶಯವಿಲ್ಲ. ಆದರೂ ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಸಮಿತಿ, ಪೂರ್ಣಾವಧಿ ಸಲಹೆಗಾರರು ಬೇಕೇ ಬೇಕು, ಅವರ ಕೆಳಗೆ ಎರಡನೇ ಸಾಲನ್ನೂ ಈಗಿನಿಂದಲೇ ಬೆಳೆಸಬೇಕು ಅಂತ ನೇರವಾಗಿ ಬರೆಯಿತು. 2004ರಲ್ಲಿ ಸರ್ಕಾರ ಬದಲಾಗುವವರೆಗೂ ಆ ಮಾತು ನಡೆಯಲಿಲ್ಲ. ಹುದ್ದೆ ಹುಟ್ಟಿ ವರ್ಷ ಕಳೆದ ಮೇಲೆ, 1999ರ ಡಿಸೆಂಬರ್ 24ರ ಸಂಜೆ, ಅಪಹೃತ ಐಸಿ-814 ವಿಮಾನ ಅಮೃತಸರದಲ್ಲಿ ಮುಕ್ಕಾಲು ಗಂಟೆ ನಿಂತಿತ್ತು, ತಡೆಯಲಾಗಲಿಲ್ಲ. ಹುದ್ದೆಯಲ್ಲಿ ಜನ ಇದ್ದ ಮಾತ್ರಕ್ಕೆ ವ್ಯವಸ್ಥೆ ಓಡುವುದಿಲ್ಲ.


ಎಚ್‌ಎಎಲ್ ಕಾಲೊನಿ

ಬೆಂಗಳೂರಿನವರಿಗೆ ಸಂಬಂಧಪಟ್ಟ ವಿಷಯ ಒಂದಿದೆ. ಅಮೆರಿಕದ ಜಿಇ ಕಂಪನಿ ತನ್ನ ಜಿಇ-414 ಯುದ್ಧವಿಮಾನ ಎಂಜಿನ್ ಅನ್ನು ಎಚ್‌ಎಎಲ್ ಜತೆ ಭಾರತದಲ್ಲೇ ತಯಾರಿಸುವ ಒಡಂಬಡಿಕೆ 2023ರ ಜೂನ್‌ನಲ್ಲಿ ಆಯ್ತಲ್ಲ, ಅದಕ್ಕೆ ನೆಲ ಹದ ಮಾಡಿದ್ದು ಅದೇ ವರ್ಷ ಜನವರಿಯಲ್ಲಿ ದೋವಲ್ ಮತ್ತು ಅಮೆರಿಕದ ಆಗಿನ ಭದ್ರತಾ ಸಲಹೆಗಾರ ಜೇಕ್ ಸುಲಿವನ್ ಶುರು ಮಾಡಿದ ತಂತ್ರಜ್ಞಾನ ಮಾತುಕತೆ. ಚಿಪ್, ಎಂಜಿನ್, ಬಾಹ್ಯಾಕಾಶ, ಎಐ ಎಲ್ಲವೂ ಈಗ ಇವರ ಮೇಜಿಗೆ ಬರುತ್ತಿವೆ. ಬೇಹುಗಾರಿಕೆ ಬಲ್ಲವರೇ ಇದನ್ನೂ ನೋಡಬೇಕಾದರೆ ಕೆಳಗೆ ಗಟ್ಟಿ ತಂತ್ರಜ್ಞರ ತಂಡ ಇರಬೇಕು.


ತುಂಗಾತೀರದವ

ಎಲ್ಲರಿಗೂ ಧನ್ಯವಾದ. ಈಗ ಸ್ವಲ್ಪ ಸ್ಪಷ್ಟವಾಯ್ತು. ಇನ್ನೂ ಎರಡು ಕೇಳುತ್ತೇನೆ. ಪ್ರಧಾನಿಗೆ ಇಷ್ಟವಾಗದ ಮಾತನ್ನು ಸಲಹೆಗಾರರು ನಿಜವಾಗಿ ಹೇಳುತ್ತಾರಾ? ಮತ್ತೆ, ಎಲ್ಲವನ್ನೂ ಸಂಸತ್ತಿಗೆ ತಂದರೆ ಗುಟ್ಟು ಉಳಿಯುವುದು ಹೇಗೆ?


ದೆಹಲಿ ಕನ್ನಡಿಗ

ಮೊದಲನೆಯದಕ್ಕೆ ಶಿವಶಂಕರ್ ಮೆನನ್ ಉದಾಹರಣೆ ಕೊಡುತ್ತೇನೆ. 2008ರ ಮುಂಬೈ ದಾಳಿ ಆದಾಗ ಅವರು ವಿದೇಶಾಂಗ ಕಾರ್ಯದರ್ಶಿ. ಕಣ್ಣಿಗೆ ಕಾಣುವಂಥ ಸೇನಾ ಪ್ರತ್ಯುತ್ತರ ತಕ್ಷಣ ಕೊಡಬೇಕು ಅಂತ ತಾವು ಆಗ ಒತ್ತಾಯಿಸಿದ್ದಾಗಿ ಅವರೇ ಆಮೇಲೆ ಬರೆದಿದ್ದಾರೆ. ಮನಮೋಹನ್ ಸಿಂಗ್ ಸರ್ಕಾರ ಬೇರೆ ದಾರಿ ಹಿಡಿಯಿತು. ಭಿನ್ನವಾಗಿ ಮಾತಾಡಿದ ಅದೇ ಮೆನನ್‌ರನ್ನು 2010ರ ಜನವರಿಯಲ್ಲಿ ಅದೇ ಪ್ರಧಾನಿ ಸಲಹೆಗಾರರನ್ನಾಗಿ ಮಾಡಿಕೊಂಡರು. ನಿರ್ಧಾರ ಸರಿಯಿತ್ತೇ ಅನ್ನುವ ಬಗ್ಗೆ ಇಲ್ಲಿ ಎರಡೂ ಅಭಿಪ್ರಾಯದವರು ಇರಬಹುದು, ಆದರೆ ಒಪ್ಪದವರನ್ನು ಹತ್ತಿರ ಕರೆಸಿಕೊಳ್ಳುವ ಪ್ರಧಾನಿ ಸಿಕ್ಕರೆ ಮಾತ್ರ ಈ ಹುದ್ದೆಗೆ ಅರ್ಥ.


ಹಾಸನದ ಮೇಷ್ಟ್ರು

ಅದೇ ನನ್ನ ಭಯ. ‘ಸಿಕ್ಕರೆ’ ಅನ್ನುವುದರ ಮೇಲೆ ದೇಶ ನಿಲ್ಲಬಾರದು. ಇವತ್ತಿನವರೆಗೂ ನಮಗೆ ಪ್ರಕಟಿತ ರಾಷ್ಟ್ರೀಯ ಭದ್ರತಾ ನೀತಿ ಅಂತ ಒಂದು ದಸ್ತಾವೇಜು ಇಲ್ಲ. 2018ರ ಆ ರಕ್ಷಣಾ ಯೋಜನಾ ಸಮಿತಿಗೆ ಅದರ ಕರಡು ಮಾಡುವ ಕೆಲಸವನ್ನೂ ಒಪ್ಪಿಸಿದ್ದರು. ಅಳತೆಗೋಲೇ ಇಲ್ಲದ ಮೇಲೆ ಸಲಹೆ ಸರಿಯೋ ತಪ್ಪೋ ಅಳೆಯುವುದು ಹೇಗೆ?


ಧಾರವಾಡದ ಕಾನೂನು ವಿದ್ಯಾರ್ಥಿನಿ

ಗುಟ್ಟಿನ ಪ್ರಶ್ನೆಗೆ. ಬ್ರಿಟನ್‌ನಲ್ಲಿ ಈ ಹುದ್ದೆ ಬಂದದ್ದು 2010ರಲ್ಲಿ, ಮೊದಲನೆಯವರು ಪೀಟರ್ ರಿಕೆಟ್ಸ್. ಅಲ್ಲಿ ಎರಡೂ ಸದನಗಳ ಜಂಟಿ ಸಮಿತಿ ಇದೆ, ಅದರ ಮುಂದೆ ಸಲಹೆಗಾರರು ಕೂತು ಸಾಕ್ಷ್ಯ ಹೇಳಿದ್ದಾರೆ. ಅದರಿಂದ ಬ್ರಿಟನ್‌ನ ಗುಟ್ಟು ಬಯಲಾಗಲಿಲ್ಲ.

ನಮ್ಮಲ್ಲೇ ನೋಡಿ. 2025ರ ಮೇ 19ರಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಸಂಸತ್ತಿನ ವಿದೇಶಾಂಗ ಸ್ಥಾಯಿ ಸಮಿತಿಗೆ ಬಂದು ಸಿಂಧೂರದ ಬಗ್ಗೆ ವಿವರ ಕೊಟ್ಟರು, ಎಲ್ಲ ಪಕ್ಷದ ಸದಸ್ಯರೂ ಪ್ರಶ್ನೆ ಕೇಳಿದರು. ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಸ್ಥಾಯಿ ಸಮಿತಿಗಳ ಸಭೆ ನಡೆಯುವುದೇ ಹಾಗೆ. ಕಾರ್ಗಿಲ್ ಸಮಿತಿಯ ವರದಿಯೂ 2000ದ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು. ಸೂಕ್ಷ್ಮ ಭಾಗಗಳನ್ನು ಅಳಿಸಿ ಉಳಿದದ್ದನ್ನು ಮುಂದಿಟ್ಟರು. ಮೇಲೆ ಮಾಜಿ ಯೋಧರು ಹೇಳಿದ ಜೂನ್ 2ರ ಪತ್ರದ ವಿಷಯ ನಮಗೆ ಗೊತ್ತಾದದ್ದು ಅದರಿಂದಲೇ.

ಹಾಗಾಗಿ ಸಂವಿಧಾನ ತಿದ್ದುವವರೆಗೂ ಕಾಯಬೇಕಿಲ್ಲ. ಸಚಿವಾಲಯದ ಖರ್ಚಿಗೆ ಸಂಸತ್ತೇ ಮಂಜೂರಾತಿ ಕೊಡುತ್ತದೆ. ಎರಡೂ ಸದನಗಳಿಂದ ಹತ್ತು ಹನ್ನೆರಡು ಸದಸ್ಯರನ್ನು ಆರಿಸಿ, ಗೋಪ್ಯತೆಯ ಪ್ರಮಾಣ ಮಾಡಿಸಿ, ವರ್ಷಕ್ಕೆ ಎರಡು ಸಲ ಸಲಹೆಗಾರರು ಆ ಸಮಿತಿಯ ಮುಂದೆ ಬರಬೇಕು ಅಂತ ಒಂದು ಚಿಕ್ಕ ಕಾನೂನು ಸಾಕು. ಪ್ರಧಾನಿಗೆ ಏನು ಸಲಹೆ ಕೊಟ್ಟಿರಿ ಅಂತ ಕೇಳುವುದು ಬೇಡ, ಅದು ಅವರಿಬ್ಬರ ನಡುವಿನ ಮಾತು. ಯಾವ ಮಾಹಿತಿ ಯಾವಾಗ ಬಂತು, ಯಾರ ಯಾರಿಗೆ ಹೋಯಿತು, ಯಾರಿಗೆ ಹೋಗಲಿಲ್ಲ, ಇಷ್ಟನ್ನು ಕೇಳಲಿ. ನಮ್ಮ ಸಂಸದರಿಗೆ ನಾನು ಇದನ್ನೇ ಬರೆದು ಕಳಿಸುತ್ತಿದ್ದೇನೆ. ಕರಡು ಬೇಕಾದವರು ಹೇಳಿ, ಇಲ್ಲೇ ಹಾಕುತ್ತೇನೆ.